ಲಗೇಜು

ಮಹದೇವಪೇಟೆಯ ಅಂಗಡಿಯಲ್ಲಿ ಹುಡುಗ
ಅಟ್ಟದಿಂದ ಮೂರು ಗಾಡಿ ಇಳಿಸಿದ್ದಾನೆ.
ಮೊದಲನೆಯದಕ್ಕೆ ಸೈಕಲ್ಲಿನಂಥ ಚಕ್ರ, ಲೋಟ ಇಡಲು ತೂತು,
ಬಿಸಿಲಿಗೆ ಮಾಡು, ಸೊಳ್ಳೆಗೆ ಪರದೆ,
ಮಗುವೊಂದು ಬಿಟ್ಟು ಎಲ್ಲಕ್ಕೂ ಧಾರಾಳ ಜಾಗ.
"ಇದು ರಾಜಾಸೀಟಲ್ಲಿ ತುಂಬ ಓಡ್ತದೆ ಅಕ್ಕ."

ಓಡಲಿ. ಅಲ್ಲಿ ನೆಲ ಚಪ್ಪಟೆ.
ನನ್ನ ಮನೆಗೆ ರಸ್ತೆಯಿಂದ ಕೆಳಗೆ ಎಪ್ಪತ್ತೊಂದು ಮೆಟ್ಟಿಲು,
ನಲವತ್ತನೆಯದು ಕಳೆದ ಆಗಸ್ಟಿನಿಂದ ಅಲ್ಲಾಡುತ್ತದೆ.
ಗೊತ್ತಿದ್ದವರು ದಾಟಿ ಕಾಲಿಡುತ್ತಾರೆ.
ಗೊತ್ತಿಲ್ಲದವರನ್ನು ಅದೇ ಪರಿಚಯ ಮಾಡಿಕೊಳ್ಳುತ್ತದೆ.

ನಾನು ಕಂಡಕ್ಟರ್. ಮಡಿಕೇರಿ, ನಾಪೋಕ್ಲು, ದಿನಕ್ಕೆ ಮೂರು ಟ್ರಿಪ್ಪು.
ಹನ್ನೊಂದು ವರ್ಷ ಜನರ ಗಂಟುಮೂಟೆಯನ್ನು
ಕಣ್ಣಲ್ಲೇ ತೂಗಿದವಳು.
ಕಿತ್ತಳೆ ಬುಟ್ಟಿ ಇಪ್ಪತ್ತು. ಒಳ್ಳೆಮೆಣಸಿನ ಚೀಲ ಮೂವತ್ತು.
ಕಾಲು ಕಟ್ಟಿದ ಹುಂಜ ಎರಡೂವರೆ, ಕೂಗಿದರೆ ಮೂರು.
ಈ ಗಾಡಿ ಹನ್ನೆರಡರ ಕೆಳಗಿಲ್ಲ ಎಂದೆ.
ಹುಡುಗ ಪೆಟ್ಟಿಗೆ ತಿರುಗಿಸಿ ಓದಿದ: ಹನ್ನೆರಡೂ ಕಾಲು.

ಎರಡನೆಯದು ಹಗುರ. ಮಡಚಲು ಮಾತ್ರ
ಎರಡು ಕೈ ಬೇಕು, ಒಂದು ಕಾಲು, ಸ್ವಲ್ಪ ಸಿಟ್ಟು.
ಮಗು ಕಂಕುಳಲ್ಲಿದ್ದಾಗ ಎರಡು ಕೈ ಯಾರಿಗಿದೆ?
ಬಸ್ಸು ನಿಲ್ಲುವುದು ಮೂರು ಉಸಿರು, ನನಗೆ ಗೊತ್ತು.
ನಾಲ್ಕನೆಯದಕ್ಕೆ ರೈಟ್ ಅನ್ನುವವಳು ನಾನೇ.

ನಿಜ ಹೇಳಬೇಕೆಂದರೆ ಇದನ್ನು ತಳ್ಳುವವಳು ನಾನಲ್ಲ.
ಬೆಳಗಿನ ಆರರಿಂದ ಸಂಜೆ ನಾಲ್ಕರವರೆಗೆ ದೀಕ್ಷು ಇರುವುದು
ಮೇಲಿನ ತಿರುವಿನ ಸಿಸಿಲಿಬಾಯಿಯ ಹತ್ತಿರ.
ಅರವತ್ತೆರಡು ವಯಸ್ಸು, ಎಡಮಂಡಿಯಲ್ಲಿ ನೀರು,
ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು.
ಅದಕ್ಕೇ ಅವರನ್ನು ಕರೆತಂದಿದ್ದೇನೆ,
ಶುಕ್ರವಾರದ ಸಂತೆಯ ನೆಪ ಹೇಳಿ.

ಮೂರನೆಯದನ್ನು ಬಾಯಿ ಬಟ್ಟೆಯಿಂದ ಶುರುಮಾಡಿದರು.
ಒಳಮಗ್ಗುಲು ತಿರುಗಿಸಿ, ಉಗುರಲ್ಲಿ ಗೀರಿ,
"ಒಂಟಿ ಹೊಲಿಗೆ. ಇರಲಿ, ಇನ್ನೊಂದು ನಾನು ಹಾಕ್ತೇನೆ."
ಬಕಲು ಹಾಕಿದರು, ತೆಗೆದರು,
ಕಣ್ಣು ಮುಚ್ಚಿ ಮತ್ತೊಮ್ಮೆ ಹಾಕಿದರು.
ಆಮೇಲೆ ಗಾಡಿಯನ್ನು ಹೊರಗೆ ಇಳಿಜಾರಿಗೆ ಒಯ್ದು,
ಸಂತೆಯ ಐದು ಕೇಜಿ ಅಕ್ಕಿ, ಒಂದು ಸಿಹಿಗುಂಬಳ ಕೂರಿಸಿ
(ಸೇರಿದರೆ ಸರಿಯಾಗಿ ದೀಕ್ಷುವಿನ ತೂಕ)
ಬ್ರೇಕು ಒತ್ತಿ
ಕೈ ಬಿಟ್ಟರು.

ಮೀನಿನವನು ತನ್ನ ಬಕೆಟ್ಟು ಪಕ್ಕಕ್ಕೆಳೆದ.
ಹುಡುಗ "ಅಯ್ಯೋ ಬಾಯಿ" ಎಂದ.
ಕುಂಬಳ ಅಲ್ಲಾಡಲಿಲ್ಲ.

ನನ್ನಮ್ಮ ನನ್ನನ್ನು ಹೊತ್ತದ್ದು ಹಳೆ ಸೀರೆಯಲ್ಲಿ,
ಬೆನ್ನಿಗೆ ಬಿಗಿದು, ಕಾಫಿ ಕುಯ್ಯುವ ಸಾಲುಗಳ ನಡುವೆ.
ಮಡಚಿದರೆ ತಲೆದಿಂಬು. ಅದಕ್ಕಿಂತ ಹಗುರದ್ದು
ಯಾವ ಕಂಪನಿಯೂ ಮಾಡಲಾರದು ಎಂದು
ಹೆಮ್ಮೆಯಿಂದ ಹೇಳಬಹುದಿತ್ತು.
ಆದರೆ ಅಮ್ಮನ ಬೆನ್ನು ಈಗಲೂ ಬಲಕ್ಕೆ ವಾಲುತ್ತದೆ.

ಬಾಯಿ ಒಂದು ಕೈಯಲ್ಲಿ ಕೊಡೆ ಹಿಡಿದೇ
ಇನ್ನೊಂದರಲ್ಲಿ ಗಾಡಿ ಮಡಚಿದರು. ಕೊಡೆಯಷ್ಟೇ ಆಜ್ಞಾಧಾರಕ.
ನಾಲ್ಕು ಸಾವಿರದ ಎಂಟುನೂರು.
ಚೌಕಾಸಿಗೆ ನಾನು ಬಾಯಿ ತೆರೆಯುವ ಮೊದಲೇ
ಒಂಟಿ ಹೊಲಿಗೆಗೆಂದು ಅವರು ಮುನ್ನೂರು ಇಳಿಸಿದ್ದರು.

ಗಾಳಿಬೀಡು ಬಸ್ಸಿನಲ್ಲಿ ಜೋಯಪ್ಪನ ಡ್ಯೂಟಿ.
ಸೀಟಿನಡಿ ತೂರಿಸಿದ್ದೆ, ಗೇಣುದ್ದ ಹೊರಗೆ ಚಾಚಿತ್ತು.
"ಏನು ಮೇಡಂ, ಲಗೇಜಿಗೆ ಚೀಟಿ?"
ಆರು ಕೇಜಿ ಎಂದೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ
ಆ ಕಡೆಯಿಂದ ಉತ್ತರ ಕೊಡುತ್ತ.
ನಿಯಮದ ಪುಸ್ತಕದಲ್ಲಿ ಇದು ಗಾಡಿಯೋ ಕುರ್ಚಿಯೋ
ಅವನಿಗೂ ನೆನಪಾಗಲಿಲ್ಲ, ನನಗೂ.

ತಿರುವಿನಲ್ಲಿ ಬಾಯಿ ಇಳಿದು, ಅಕ್ಕಿ ಕುಂಬಳ ತಗೊಂಡು ಹೋದರು.
ಮೆಟ್ಟಿಲಿಗೆ ನಾನೊಬ್ಬಳೇ. ಎಡಕ್ಕೆ ಮಗು, ಬಲಕ್ಕೆ ಗಾಡಿ.
ಮೂವತ್ತೆಂಟು, ಮೂವತ್ತೊಂಬತ್ತು,
ನಲವತ್ತನೆಯದನ್ನು ದಾಟಿದೆ.
ಗಾಡಿಯ ಹಿಂಚಕ್ರ ದಾಟಲಿಲ್ಲ. ಟಕ್ ಎಂದಿತು ಕಲ್ಲು.
ದೀಕ್ಷು ಎಚ್ಚರಾಗಿ ಕೆಳಗೆ ಬಗ್ಗಿ ನೋಡಿ
ಚಕ್ರಕ್ಕೆ ಕೈ ಚಾಚಿದಳು,
ಇನ್ನೊಮ್ಮೆ ಎಂಬಂತೆ.